ಗದ್ದಕ್ಕೆ ಕಟ್ಟಿದ ಹೊಸ ಪದ್ಧತಿ

ಕುರುಗೋಡಿನ ಶಾಲೆಯ ಮಾಸ್ತರು ಕೊಟ್ರಬಸಪ್ಪ ಐಗಳಿಗೆ ಎರಡು ಸಂಗತಿಗಳು ನಿದ್ದೆ ಕೆಡಿಸುತ್ತಿದ್ದವು. ಒಂದು, ಸಿರುಗುಪ್ಪದ ಇಮಾಮಹುಸೇನ್ ಐಗಳ ತಲೆಯ ಮೇಲಿದ್ದ ಜರಿ ರುಮಾಲು. ಇನ್ನೊಂದು, ಆ ರುಮಾಲಿನ ಕೆಳಗಿದ್ದ ಇಮಾಮಹುಸೇನ್ ಐಗಳು.

ಇಬ್ಬರೂ ಒಂದು ಕಾಲಕ್ಕೆ ಗೆಳೆಯರೇ. ಬಳ್ಳಾರಿಯಲ್ಲಿ ಮಾಸ್ತರಿಕೆಯ ತರಬೇತಿಗೆ ಹೋದಾಗ ಬ್ರೂಸ್‌ಪೇಟೆಯ ಒಂದೇ ಓಣಿಯಲ್ಲಿ ಎದುರುಬದುರು ಬಾಡಿಗೆಗೆ ಇದ್ದವರು. ಆಗ ಲೆಕ್ಕ ಬಾರದೆ ಕಣ್ಣು ಬಿಡುತ್ತಿದ್ದ ಹುಸೇನನಿಗೆ ಕೈಹಿಡಿದು ಲೆಕ್ಕ ಕಲಿಸಿದವರು ಕೊಟ್ರಬಸಪ್ಪನವರು. ತಾವು ಕಲಿಸಿದ ಮನುಷ್ಯ ತಮಗಿಂತ ಮುಂದೆ ಹೋದರೆ ಎದೆಯುಬ್ಬಬೇಕು ಎಂದು ದೊಡ್ಡವರು ಹೇಳುತ್ತಾರೆ. ಕೊಟ್ರಬಸಪ್ಪನವರಿಗೂ ಎದೆಯಲ್ಲಿ ಏನೋ ಉಬ್ಬುತ್ತಿತ್ತು, ಆದರೆ ಅದು ಉರಿಯುತ್ತಲೂ ಇತ್ತು.

ಅವರ ಶಾಲೆ ನಡೆಯುತ್ತಿದ್ದುದು ಅಂಗಡಿ ಕೊಟ್ಟೂರಪ್ಪನ ಮನೆಯ ಜಗುಲಿಯ ಮೇಲೆ. ಅಕ್ಷರ ತಿದ್ದುವ ಎಳೆಯ ಮಕ್ಕಳು. ಮರಳಿನ ಮೇಲೆ ಬೆರಳಾಡಿಸುವುದು, ಮಗ್ಗಿ ಕೂಗುವುದು, ಇಷ್ಟೇ ಪಾಠ. ಐಗಳ ಬಂಡವಾಳವೆಲ್ಲ ಅವರ ಗಂಟಲು. ಅವರು ಜಗುಲಿಯ ಮೇಲೆ ಮಗ್ಗಿ ಎತ್ತಿದರೆಂದರೆ ಬಳ್ಳಾರಿ ರಸ್ತೆಯಲ್ಲಿ ಹೋಗುವ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು. ತಮ್ಮ ದನಿಗೆ ಸರಿಸಾಟಿ ಇಡೀ ಜಿಲ್ಲೆಯಲ್ಲಿಲ್ಲ ಎಂಬುದು ಐಗಳ ನಂಬಿಕೆ. ಅದು ನಿಜವೂ ಆಗಿತ್ತು ಎನ್ನಿ.

ಹೋದ ವರ್ಷ ಸಾಲಿ ಇನ್‌ಸ್ಪೆಕ್ಟರ್ ಚಿದಾನಂದಪ್ಪನವರು ಬಳ್ಳಾರಿಯಿಂದ ತಪಾಸಣೆಗೆ ಬಂದರು. ಐಗಳು ಅಂದು ಗಂಟಲಿನ ಪೂರ್ಣ ವೈಭವ ತೋರಿಸಿದರು. ಇನ್‌ಸ್ಪೆಕ್ಟರು ಕಿವಿಯಲ್ಲಿ ಬೆರಳಿಟ್ಟುಕೊಂಡು ಕೊನೆತನಕ ಕೇಳಿ ಹೇಳಿದರು:

"ಐಗಳ, ಸಾಲಿ ತುಂಬ ನಿಮ್ಮ ದನಿನ ಐತಿ. ಮಕ್ಕಳು ಎಲ್ಲಿ ಅದಾರ? ಸಣ್ಣ ಮಕ್ಕಳು ಕೈಯಿಂದ ಮಾಡಿ ಕಲೀಬೇಕು ಅಂತ ಮದರಾಸಿನಿಂದ ಹೊಸ ಪದ್ಧತಿ ಬಂದೈತಿ. ಮಣ್ಣು, ಹುಣಸಿ ಬೀಜ, ಜೋಳದ ದಂಟು ಕೊಡ್ರಿ, ಅವರ ಮಾಡ್ತಾರ. ಮುಂದಿನ ಸಲ ಬಂದಾಗ ಅದು ಕಾಣಲಿಲ್ಲ ಅಂದ್ರ ಈ ಸಾಲಿ ಬ್ಯಾರೆಯವರ ಕೈಗೆ ಹೋಗತೈತಿ. ಒಂದು ಸಲ ಸಿರುಗುಪ್ಪಕ್ಕ ಹೋಗಿ ಇಮಾಮಹುಸೇನರ ಸಾಲಿ ನೋಡಿಕೊಂಡು ಬರ್ರಿ."

ಶಾಲೆ ಹೋಗುತ್ತದೆ ಎಂಬ ಮಾತನ್ನು ಐಗಳು ಹೇಗೋ ಸಹಿಸಿಕೊಂಡರು. ಕೊನೆಯ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಯಿತು. ಅವರು ಮೀನು ತಿನ್ನುವವರಲ್ಲವಾದರೂ ಮುಳ್ಳು ಹೇಗಿರುತ್ತದೆಂದು ಆವತ್ತು ತಿಳಿಯಿತು. ಅದರ ಮೇಲೆ, ಆ ವರ್ಷದ ಅತ್ಯುತ್ತಮ ಶಾಲೆಗೆಂದು ಇನ್‌ಸ್ಪೆಕ್ಟರು ಬ್ರೂಸ್‌ಪೇಟೆಯಲ್ಲಿ ಕೊಂಡ ಜರಿ ರುಮಾಲು ಹುಸೇನನ ತಲೆಗೇರಿತು. ಅವನು ಅದನ್ನು ಸುತ್ತಿಕೊಂಡು ಕುರುಗೋಡಿನ ಸಂತೆಗೂ ಬಂದು ಬದನೆಕಾಯಿ ಕೊಂಡು ಹೋದ. ಸಿರುಗುಪ್ಪದಲ್ಲಿ ಬದನೆಕಾಯಿ ಸಿಗುವುದಿಲ್ಲವೇ?

"ಗೆಳೆಯರಲ್ಲೇನು? ಹೋಗಿ ಹೆಂಗ ಮಾಡ್ತಿ ಅಂತ ಕೇಳಿ ಬರ್ರಲ್ಲ" ಎಂದಳು ಹೆಂಡತಿ ಚನ್ನಬಸಮ್ಮ.

"ಕೇಳೋದಾ? ನಾನಾ? ಅವನ್ನಾ?" ಐಗಳು ಉಣ್ಣುತ್ತಿದ್ದ ತಟ್ಟೆಯನ್ನೇ ಸರಿಸಿದರು. "ಲೆಕ್ಕ ಬರ್ತಿದ್ದಿಲ್ಲ ಅವಗ! ನಾ ಕಲಿಸೀನಿ! ಈಗ ನಾ ಹೋಗಿ ಅವನ ಮುಂದ ಕೈ ಕಟ್ಟಿ ನಿಂದ್ರಲಾ?"

"ಹಂಗಾರ ರುಮಾಲು ನೋಡಿ ಉರೀಬ್ಯಾಡ್ರಿ."

"ಯಾರು ಉರೀತಾರ? ನನಗೇನು ರುಮಾಲು ಇಲ್ಲೇನು?"

ಇತ್ತು. ಅದರ ಬಣ್ಣ ಯಾವುದೆಂದು ಅದನ್ನು ಒಗೆಯುತ್ತಿದ್ದ ಚನ್ನಬಸಮ್ಮನಿಗೂ ಮರೆತುಹೋಗಿತ್ತು.

ಅಂತೂ ತಪಾಸಣೆಯ ದಿನ ಹತ್ತಿರ ಬಂದಾಗ ಐಗಳು ಒಂದು ಉಪಾಯ ಮಾಡಿದರು. ದೇಶನೂರಿಗೆ ಅಕ್ಕಿ ತರಲು ಹೋಗುತ್ತೇನೆಂದು ಊರಿಗೆಲ್ಲ ಸಾರಿ, ಸಂತೆಗೆ ಅಕ್ಕಿ ತರುತ್ತಿದ್ದ ಸಿರುಗುಪ್ಪದ ದಾವಲಸಾಬನ ಬಂಡಿ ಹತ್ತಿ, ಸೀದಾ ಸಿರುಗುಪ್ಪಕ್ಕೆ ಹೋದರು. ಶಾಲೆಯ ಹಿಂದೆ ಒಂದು ಹುಲ್ಲಿನ ಬಣವೆ ಇತ್ತು. ಮಕ್ಕಳಿಗೆ ಕಳ್ಳತನ ಮಾಡಬಾರದೆಂದು ನಿತ್ಯ ಬೋಧಿಸುತ್ತಿದ್ದ ಐಗಳು ಆ ಬಣವೆಯನ್ನು ಏರಿ, ಹುಲ್ಲಿನಲ್ಲಿ ಹುದುಗಿ, ಕಿಟಕಿಯೊಳಗೆ ಇಣುಕಿದರು.

ಒಳಗೆ ಕಂಡ ನೋಟಕ್ಕೆ ಅವರು ಇನ್ನಷ್ಟು ಕತ್ತು ಚಾಚಿದರು.

ಶಾಲೆಯಲ್ಲಿ ಸದ್ದೇ ಇರಲಿಲ್ಲ. ಎಳೆಯ ಮಕ್ಕಳು ಗುಂಪುಗುಂಪಾಗಿ ಕೂತು ಒಬ್ಬರು ಮಣ್ಣಿನ ಎತ್ತು ಮಾಡುತ್ತಿದ್ದರು, ಒಬ್ಬರು ದಂಟಿನ ಬಂಡಿ ಕಟ್ಟುತ್ತಿದ್ದರು, ಇನ್ನೊಬ್ಬರು ಹುಣಸೆ ಬೀಜಗಳನ್ನು ಗುಡ್ಡೆ ಹಾಕಿ ಎಣಿಸುತ್ತಿದ್ದರು. ಇಮಾಮಹುಸೇನ್ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಮಿಸುಕಾಡದೆ ಕೂತಿದ್ದ. ಅವನ ಗದ್ದದ ಕೆಳಗಿಂದ ಒಂದು ಬಿಳಿಯ ಬಟ್ಟೆ ಹಾದು ನೆತ್ತಿಯ ಮೇಲೆ ಗಂಟಾಗಿತ್ತು. ಯಾವ ಮಗು ಏನು ಕೇಳಿದರೂ ಅವನು ಬಾಯಿ ತೆರೆಯುತ್ತಿರಲಿಲ್ಲ. ಸುಮ್ಮನೆ ಒಂದು ಕೈ ಎತ್ತುತ್ತಿದ್ದ. ಮಗು ಹೋಗಿ ತಾನೇ ಮಾಡಿಕೊಳ್ಳುತ್ತಿತ್ತು.

ಹುಸೇನನಿಗೆ ಆ ವಾರ ದವಡೆಹಲ್ಲು ಕೀವಾಗಿ ಪ್ರಾಣ ಹೋಗುತ್ತಿತ್ತೆಂದು ಸಿರುಗುಪ್ಪದ ನಾಯಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದವರು ಬಣವೆಯ ಮೇಲಿದ್ದ ಒಬ್ಬರೇ.

'ಓಹೋ! ಇದೇ ಗುಟ್ಟು' ಎಂದುಕೊಂಡರು ಐಗಳು. 'ಮಾಸ್ತರ ಬಾಯಿ ಮುಚ್ಚಿದರೆ ಮಕ್ಕಳ ಕೈ ತಾನಾಗಿ ನಡೆಯುತ್ತದೆ. ಅದಕ್ಕೆ ಮದರಾಸಿನವರು ಬಟ್ಟೆಯನ್ನೇ ಗೊತ್ತುಮಾಡಿದ್ದಾರೆ. ಕಣ್ಣೂ ಮುಚ್ಚಬೇಕು, ಇಲ್ಲವಾದರೆ ಮಕ್ಕಳು ಮಾಸ್ತರ ಮುಖ ನೋಡುತ್ತಾರೆ. ಕಳ್ಳ! ಇಷ್ಟು ಸುಲಭದ ಕೆಲಸಕ್ಕೆ ಜರಿ ರುಮಾಲೇ?'

ವಾಪಸು ಬರುವಾಗ ಐಗಳ ಕೂದಲಲ್ಲಿ ಹುಲ್ಲು ಆರಿಸುತ್ತ ದಾವಲಸಾಬ ಹೇಳಿದ: "ನಮ್ಮ ಇಮಾಮಹುಸೇನ್ ಐಗಳು ನಿಮ್ಮ ಗೆಳೆಯರಂತಲ್ರಿ. ಪಾಪ, ಅವರಿಗೆ ಈ ವಾರ..."

"ಅವನ ಸುದ್ದಿ ನನ್ನ ಮುಂದ ತಗೀಬ್ಯಾಡ!" ಎಂದು ಐಗಳು ಗುಡುಗಿದರು. ಎತ್ತುಗಳು ಬೆದರಿ ಓಡಿದವು. ದಾವಲಸಾಬನೂ ಸುದ್ದಿ ನುಂಗಿಕೊಂಡು ಹಗ್ಗ ಬಿಗಿಹಿಡಿದ.

ತಪಾಸಣೆಯ ಹಿಂದಿನ ದಿನ ಐಗಳು ಜಗುಲಿಯ ಮೇಲೆ ಮಣ್ಣು, ದಂಟು, ಹುಣಸೆ ಬೀಜಗಳನ್ನು ತಂದು ಸುರಿದರು. ಎಣಿಕೆಗೆ ಅಂದವಾಗಿರಲಿ ಎಂದು ಒಂದು ಬುಟ್ಟಿ ಚೆಂಡು ಹೂವನ್ನೂ ತರಿಸಿದರು. ಹುಸೇನನಲ್ಲಿ ಹೂವಿರಲಿಲ್ಲ. ಅವನಿಗಿಂತ ಒಂದು ಕೈ ಮೇಲಿರಬೇಕಲ್ಲ! ಆಮೇಲೆ ಮಕ್ಕಳಿಗೆ ಅಪ್ಪಣೆಯಾಯಿತು:

"ಕೇಳ್ರಲೇ. ನಾಳಿಯಿಂದ ನಾ ಮಾತಾಡೋದಿಲ್ಲ. ಕಣ್ಣು ತೆಗಿಯೋದಿಲ್ಲ. ಕಣ್ಣಿಗೆ ಕಂಡದ್ದನ್ನ ನೀವ ಕೈಯಿಂದ ಮಾಡ್ರಿ. ಯಾರಾರ ನನ್ನ ಮಾತಾಡಿಸಿದ್ರೋ, ಅವನ್ನ ಕೋದಂಡ ಹಾಕಿ ಹಗ್ಗಕ್ಕ ತೂಗಾಡಸ್ತೀನಿ!"

ಮರುದಿನ ಬೆಳಿಗ್ಗೆ ಐಗಳು ಮಿಂದು, ಮಡಿಯುಟ್ಟು, ತಪಾಸಣೆಯ ದಿನವೆಂದು ಹಣೆಯ ಮೇಲೆ, ತೋಳಿನ ಮೇಲೆ ಎಂದಿಗಿಂತ ದಪ್ಪನಾಗಿ ವಿಭೂತಿ ಬಳಿದುಕೊಂಡರು. ಬಿಳಿಯ ಬಟ್ಟೆಯನ್ನು ಗದ್ದದಿಂದ ನೆತ್ತಿಗೆ ಎಳೆದು ಬಿಗಿದರು. ಗಂಟಿನ ತುದಿಗಳು ಮೊಲದ ಕಿವಿಯ ಹಾಗೆ ನಿಂತವು. ಕಂಬಕ್ಕೆ ಒರಗಿ, ಪದ್ಮಾಸನ ಹಾಕಿ, ಕಣ್ಣು ಮುಚ್ಚಿದರು. ಮಕ್ಕಳು ಹೂವು ಎಣಿಸಿ ಎಣಿಸಿ ಐಗಳ ಮುಂದೆಯೇ ಗುಡ್ಡೆ ಹಾಕಿದರು. ಎಣಿಕೆ ಮುಗಿದ ಹೂವುಗಳನ್ನು ಒಬ್ಬಳು ಹುಡುಗಿ ಹಾರವಾಗಿ ಪೋಣಿಸಿ ಅವರ ಕೊರಳಿಗೇ ಹಾಕಿದಳು.

ಇಲ್ಲಿ ಓದುಗರಿಗೆ ಒಂದು ಮಾತು ನೆನಪಿಸಬೇಕು. ಕೊಟ್ರಬಸಪ್ಪನವರ ಮತದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಸಿ, ವಿಭೂತಿ ಹಚ್ಚಿ, ಬಾಯಿ ತೆರೆಯದಂತೆ ಗದ್ದಕ್ಕೆ ಬಟ್ಟೆ ಕಟ್ಟಿ, ಪದ್ಮಾಸನದಲ್ಲಿ ಕೂರಿಸಿ, ಹೂವಿನ ಹಾರ ಹಾಕುತ್ತಾರೆ. ಇದು ಐಗಳಿಗೂ ಗೊತ್ತಿದ್ದ ವಿಷಯವೇ. ಆದರೆ ಹೊಟ್ಟೆಕಿಚ್ಚು ಹೊತ್ತಿದ ತಲೆಗೆ ಅದೆಲ್ಲಿ ಹೊಳೆಯಬೇಕು?

ಮೊದಲು ಬಾಗಿಲು ತೆರೆದು ಬಂದವನು ಜಗುಲಿಯ ಒಡೆಯ ಕೊಟ್ಟೂರಪ್ಪ. ದಿನವೂ ಮಗ್ಗಿಯ ಗದ್ದಲಕ್ಕೆ ಎಚ್ಚರಗೊಳ್ಳುತ್ತಿದ್ದವನು ಅಂದು ಗದ್ದಲವಿಲ್ಲದ್ದಕ್ಕೆ ಬೆಚ್ಚಿ ಎದ್ದಿದ್ದ. ಕಂಬದ ಕಡೆ ನೋಡಿದ. ಅವನ ಕೈಲಿದ್ದ ನೀರಿನ ಚೊಂಬು ಉರುಳಿತು.

"ಐಗಳ! ಐಗಳ್ರೀ!"

ಐಗಳು ಮಿಸುಕಲಿಲ್ಲ. ಮಕ್ಕಳು ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದರು.

"ಯಾಕ್ರಲೇ? ಐಗಳು ಯಾಕ ಮಾತಾಡವಲ್ರು?"

"ಇನ್ನ ಮ್ಯಾಲೆ ಮಾತಾಡೋದಿಲ್ರಿ" ಎಂದು ಹೂವಿನ ಹುಡುಗಿ ಪಿಸುಗುಟ್ಟಿದಳು. "ಕಣ್ಣೂ ತೆಗಿಯೋದಿಲ್ರಿ. ನಿನ್ನೆನ ಹೇಳ್ಯಾರ."

"ನಿನ್ನೆನ ಹೇಳ್ಯಾರಾ?" ಕೊಟ್ಟೂರಪ್ಪನ ಕಣ್ಣುಗಳು ಅರಳಿದವು. "ಅಬ್ಬಬ್ಬಾ! ತನ್ನ ಕಾಲ ತಾನ ತಿಳಕೊಂಡು, ತಾನ ಬಟ್ಟಿ ಕಟಿಗೊಂಡು, ತಾನ ಹೂವು ತರಿಸಿಕೊಂಡು ಲಿಂಗೈಕ್ಯ ಆದನಲ್ಲಪಾ! ಇಂಥಾ ಶರಣನ್ನ ಜಗುಲಿ ಮ್ಯಾಲೆ ಇಟಗೊಂಡು ನಾ ಬಾಡಿಗಿ ಕೇಳಿದೆನಲ್ಲೋ!"

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ತಳವಾರ ಕೆಂಚಣ್ಣ ಓಡಿ ಬಂದ. ಅಂಗಡಿಗಳ ಬಾಗಿಲು ಮುಚ್ಚಿದವು. ಯಾರ ಮನೆಯಲ್ಲಿ ಯಾರು ಸತ್ತರೂ ಹಾಡಿ ಅಳುವ ಮುದುಕಿ ಜೋಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಎದುರಿಗೇ ಕೂತಳು.

"ಎಪ್ಪಾ ನನ್ನ ಐಗಳಾ! ಊರಿಗೆ ದೀಪಾಗಿದ್ಯೋ! ಬಂಗಾರದಂಥಾ ಮನಸೋ ನಿಂದು! ಮಕ್ಕಳನ್ನ ಹೂವಿನಂಗ ಸಾಕಿದ್ಯೋ!"

ಹೋದ ವಾರ ಇದೇ ಜೋಗಮ್ಮ, ಶಾಲೆಯ ಮಕ್ಕಳು ತನ್ನ ಬಾರಿಗಿಡದ ಹಣ್ಣು ಬಡಿದು ತಿಂದರೆಂದು ಇದೇ ಜಗುಲಿಯ ಮುಂದೆ ನಿಂತು ಐಗಳ ವಂಶವನ್ನೆಲ್ಲ ಬೈದು ಹೋಗಿದ್ದಳು.

ಮೊದಲ ಗದ್ದಲಕ್ಕೇ ಐಗಳಿಗೆ ಸಂಗತಿ ಅರ್ಥವಾಗಿತ್ತು. ಬಾಯಿ ತೆರೆಯೋಣವೆಂದರೆ ಇನ್‌ಸ್ಪೆಕ್ಟರ ಬಂಡಿ ಯಾವ ಕ್ಷಣಕ್ಕಾದರೂ ಬಂದೀತು. ಬರುವ ಹೊತ್ತಿಗೆ ಬಾಯಿ ತೆರೆದಿದ್ದರೆ ಪದ್ಧತಿ ಕೆಟ್ಟಿತು, ಶಾಲೆ ಹೋಯಿತು. ಸ್ವಲ್ಪ ಹೊತ್ತು ಸುಮ್ಮನಿರೋಣ ಎಂದುಕೊಂಡರು. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಹುಟ್ಟಿದಾಗಿನಿಂದ ಅವರನ್ನು ಯಾರೂ ಹೀಗೆ ಹೊಗಳಿರಲಿಲ್ಲ. ಹುಸೇನನಿಗೆ ರುಮಾಲು ಸಿಕ್ಕಿರಬಹುದು, ಆದರೆ ಅವನಿಗಾಗಿ ಒಂದು ಊರು ಅತ್ತಿದೆಯೇ? ಐಗಳಿಗೆ ಒಳಗೊಳಗೇ ತಂಪಾಯಿತು.

ಅಷ್ಟರಲ್ಲಿ ಚನ್ನಬಸಮ್ಮ ಬಂದಳು. ಗಂಡನನ್ನು ಮೇಲಿಂದ ಕೆಳಗೆ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಏನಾಗೇತಿ ಇವರಿಗೆ? ಏಳ್ರಿ, ಸಾಕು ನಿಮ್ಮ ಹುಚ್ಚಾಟ. ಮುಂಜಾನೆದ್ದು ಬುಟ್ಟಿ ರೊಟ್ಟಿ ಖಾಲಿ ಮಾಡಿ ಬಂದಾರ, ಸಾಯೋದೆಲ್ಲಿಂದ ಬಂತು? ಹೊಟ್ಟಿ ನೋಡ್ರಿ, ಏರತೈತಿ, ಇಳೀತೈತಿ!"

ಹೆಂಗಸರು ಅವಳ ಸುತ್ತ ಮುಗಿಬಿದ್ದು ತಲೆ ಸವರಿದರು. "ಪಾಪ, ದುಃಖದಾಗ ಬುದ್ಧಿ ಚಂಚಲ ಆಗೇತಿ. ಕುಂದ್ರವಾ, ನೀರು ಕುಡಿ."

"ನಾ ಯಾಕ ನೀರು ಕುಡೀಲಿ? ಜೀವ ಐತಿ ಅಂತೀನಿ!"

"ನಮಗೂ ಹಂಗ ಅನಿಸಿತ್ತು ತಂಗಿ, ನಮ್ಮ ಮನಿಯವರು ಹ್ವಾದಾಗ."

ಗಂಡಸರಲ್ಲಿ ಬೇರೆಯೇ ಚರ್ಚೆ ನಡೆದಿತ್ತು. ಕಾಲವನ್ನು ಮೊದಲೇ ತಿಳಿದ ಶರಣನಿಗೆ ಕೂತಲ್ಲೇ ಸಮಾಧಿ ಮಾಡಿ ಗದ್ದುಗೆ ಕಟ್ಟಬೇಕು ಎಂದು ಕೆಲವರು ಹೇಳಿದರು. "ಕೂತಲ್ಲೇ ಅಂದ್ರ ನನ್ನ ಜಗುಲಿ ಮ್ಯಾಲಾ?" ಎಂದು ಕೊಟ್ಟೂರಪ್ಪ ಕೂಗಿದ. ಅವನ ಭಕ್ತಿ ಅರ್ಧಕ್ಕರ್ಧ ಇಳಿದಿತ್ತು. "ಶರಣರು ಅಂಗಡಿ ಬಾಗಿಲಾಗ ಇರಬಾರದ್ರಪಾ. ಊರ ಹೊರಗ ಗುಡ್ಡದ ಮ್ಯಾಲೆ ಇದ್ರ ಚಂದ!"

ಐಗಳು ಇದನ್ನೂ ಸಹಿಸಿಕೊಂಡರು. ದೂರದಲ್ಲಿ ಎತ್ತಿನ ಗೆಜ್ಜೆ ಕೇಳುತ್ತಿತ್ತು. ಬಂದರು, ಇನ್ನೇನು ಬಂದರು.

ಆಗ ತಳವಾರ ಕೆಂಚಣ್ಣ ಕೆಮ್ಮಿ ಮುಂದೆ ಬಂದ. "ಆದದ್ದು ಆತು. ಇವತ್ತ ಇನ್‌ಸ್ಪೆಕ್ಟರ್ ಸಾಹೇಬ್ರು ಬರ್ತಾರ. ಸಾಲಿ ನಿಂದ್ರಬಾರದಲ್ಲ? ಸಿರುಗುಪ್ಪದ ಇಮಾಮಹುಸೇನ್ ಐಗಳನ್ನ ಇಲ್ಲಿಗೆ ಹಾಕ್ರಿ ಅಂತ ಕೇಳೂಣು. ಸತ್ತವರ ಮುಂದ ಅನಬಾರದು, ಆದ್ರೂ ಅಂತೀನಿ. ಇವರಿಗಿಂತ ಅವರ ಭೇಷ್!"

"ಹೌದಪಾ" ಎಂದಳು ಜೋಗಮ್ಮ ಅಳುವನ್ನು ಅರ್ಧಕ್ಕೇ ಬಿಟ್ಟು. "ರುಮಾಲು ಭಾಳ ಒಪ್ಪತೈತಿ ಅವಗ."

ಕಂಬದ ಬಳಿ ಒಂದು ಗುಡುಗು ಹುಟ್ಟಿತು. ಗದ್ದದ ಬಟ್ಟೆ ಪರ್ರನೆ ಹರಿಯಿತು. ಕೊರಳಿನ ಹಾರ ಹಾರಿಹೋಯಿತು.

"ಯಾರನ್ನ ಬೇಕಾದ್ರೂ ಕರೀರಿ! ಅವನ್ನ ಮಾತ್ರ ಕರೀಬ್ಯಾಡ್ರಿ! ಲೆಕ್ಕ ಬರೋದಿಲ್ಲ ಅವಗ!"

ಊರು ಚೆಲ್ಲಾಪಿಲ್ಲಿಯಾಯಿತು. ಕೆಂಚಣ್ಣ ಮರಳಿನ ಗುಂಡಿಯಲ್ಲಿ ಬಿದ್ದ. ಕೊಟ್ಟೂರಪ್ಪ ಒಳಗೆ ಓಡಿ ಅಗಳಿ ಹಾಕಿಕೊಂಡ. ಹೆಣಗಳನ್ನು ಕಂಡು ಪಳಗಿದ್ದ ಜೋಗಮ್ಮ ಒಬ್ಬಳೇ ಕದಲದೆ ಕೂತು, ಮೂಗಿನ ಮೇಲೆ ಬೆರಳಿಟ್ಟಳು.

"ನೋಡ್ರೆವ್ವಾ, ಸತ್ತ ಮ್ಯಾಲೂ ಹೊಟ್ಟಿಕಿಚ್ಚು ಹೋಗಿಲ್ಲ!"

ಓಡುವ ಜನರನ್ನು ಸೀಳಿಕೊಂಡು ಬಂಡಿಯೊಂದು ಬಂದು ನಿಂತಿತು. ಇನ್‌ಸ್ಪೆಕ್ಟರ್ ಚಿದಾನಂದಪ್ಪನವರು ಇಳಿದರು. ಅವರ ಹಿಂದೆ, ತಪಾಸಣೆಗೆ ನೆರವಾಗಲೆಂದು ಕರೆತಂದಿದ್ದ ಇಮಾಮಹುಸೇನ್ ಇಳಿದ, ರುಮಾಲಿನ ಸಮೇತ. ಕೊಟ್ರಬಸಪ್ಪನವರಿಗೆ ಕಾಲ ಕೆಳಗಿನ ಜಗುಲಿ ಜಾರಿದಂತಾಯಿತು. ಬಾಯಿ ತೆರೆದಿದೆ, ಬಟ್ಟೆ ಹರಿದಿದೆ. ಹೋಯಿತು ಶಾಲೆ! ಅದೂ ಅವನ ಕಣ್ಣೆದುರಿಗೇ!

ಇನ್‌ಸ್ಪೆಕ್ಟರು ಐಗಳ ಕಡೆ ನೋಡಲೇ ಇಲ್ಲ. ಅವರು ಜಗುಲಿಯ ಮೂಲೆಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ಅಲ್ಲಿ ಮಕ್ಕಳು ಇಷ್ಟು ಹೊತ್ತೂ ತಮ್ಮ ಪಾಡಿಗೆ ಕೆಲಸ ನಡೆಸಿದ್ದರು. ಐಗಳು ಬದುಕಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಯಾರೂ ಅವರನ್ನು ಸರಿಯಾಗಿ ಕೇಳಿರಲಿಲ್ಲ, ಅಷ್ಟೇ.

ಕಣ್ಣಿಗೆ ಕಂಡದ್ದನ್ನು ಕೈಯಿಂದ ಮಾಡಿ ಎಂದು ಅಪ್ಪಣೆಯಾಗಿತ್ತಲ್ಲ, ಹಾಗೆಯೇ ಮಾಡಿದ್ದರು. ಸತ್ತವರನ್ನು ಕೂರಿಸಿ ಹೊರುವಂಥ, ದಂಟಿನಿಂದ ಕಟ್ಟಿದ ವಿಮಾನದಲ್ಲಿ ಮಣ್ಣಿನ ಐಗಳು ಕೂತಿದ್ದರು, ನೆತ್ತಿಯ ಮೇಲೆ ಮೊಲದ ಕಿವಿಗಳೊಂದಿಗೆ. ಎದುರಿಗೆ ಎದೆ ಬಡಿದುಕೊಳ್ಳುವ ಮಣ್ಣಿನ ಜೋಗಮ್ಮ. ಸೊಂಟದ ಮೇಲೆ ಕೈಯಿಟ್ಟ ಚನ್ನಬಸಮ್ಮ. ಕೊಟ್ಟೂರಪ್ಪನ ಹೊಟ್ಟೆಗೇ ಬಹಳ ಮಣ್ಣು ಹಿಡಿದಿದ್ದರಿಂದ ಅವನ ತಲೆಗೆ ಸಾಲದೆ ಒಂದು ಹುಣಸೆ ಬೀಜ ಇಟ್ಟಿದ್ದರು. ಸುತ್ತ ಜನವೆಲ್ಲ ಬೀಜಗಳು.

"ಇವರು ಯಾರವಾ?" ಎಂದು ಇನ್‌ಸ್ಪೆಕ್ಟರು ಎರಡು ಗುಡ್ಡೆಗಳನ್ನು ತೋರಿಸಿದರು.

"ಈ ಕಡಿ ಅಳಾವ್ರು, ಆ ಕಡಿ ಸುಮ್ನ ನೋಡಾವ್ರು ಸಾಹೇಬ್ರ" ಎಂದಳು ಹೂವಿನ ಹುಡುಗಿ. ಎರಡೂ ಗುಡ್ಡೆಗಳಿಂದ ಜೋಡಿಜೋಡಿಯಾಗಿ ಬೀಜ ತೆಗೆದಿಟ್ಟು, ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ತೋರಿಸಿದಳು. "ಅಳಾವ್ರಿಗಿಂತ ನೋಡಾವ್ರು ಇಷ್ಟು ಜಾಸ್ತಿ ಅದಾರ್ರಿ."

ಚಿದಾನಂದಪ್ಪನವರಿಗೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂತು. "ಭೇಷ್! ಎಲ್ಲಾ ಸಾಲ್ಯಾಗೂ ಎತ್ತು ಮಾಡ್ತಾರ, ಬಂಡಿ ಮಾಡ್ತಾರ. ಇವರು ಊರನ್ನ ಮಾಡ್ಯಾರ! ಕಳೆಯೋ ಲೆಕ್ಕ ತಾವ ಕಂಡು ಹಿಡಿದಾರ! ಅದ್ಸರಿ ಐಗಳ, ಆ ಬಟ್ಟಿ ಯಾಕ?"

"ಹೌದಣ್ಣಾ" ಎಂದು ಇಮಾಮಹುಸೇನ್ ಕಾಳಜಿಯಿಂದ ಹತ್ತಿರ ಬಂದ. "ನಿನಗೂ ದವಡಿ ಹಲ್ಲಿನ ನೋವಾ? ನನಗೂ ಹಿಂಗ ಆಗಿತ್ತು. ಒಂದು ವಾರ ಬಟ್ಟಿ ಕಟಿಗೊಂಡು ಕಣ್ಣು ಮುಚ್ಚಿ ಕುಂತಿದ್ದೆ. ಕಿತ್ತಿಸಿದ ಮ್ಯಾಲೆ ಜೀವ ಬಂತು ನೋಡು."

ಕೊಟ್ರಬಸಪ್ಪನವರ ಕಣ್ಣ ಮುಂದೆ ಬಣವೆ, ಕಿಟಕಿ, ದಾವಲಸಾಬನ ಅರ್ಧಕ್ಕೆ ನಿಂತ ಮಾತು ಎಲ್ಲ ಸುತ್ತಿ ಬಂದವು. ಮುಖ ಕೆಂಪಾಯಿತು. ಆದರೆ ಹುಸೇನನ ತಲೆಯ ರುಮಾಲು ಬಿಸಿಲಿಗೆ ಮಿಂಚಿತು. ಅಷ್ಟು ಸಾಕಾಯಿತು.

"ನನ್ನ ಹಲ್ಲು ಕಲ್ಲಿನಂಗ ಗಟ್ಟಿ ಅದಾವ!" ಎಂದು ಅವರು ಸೆಟೆದು ನಿಂತರು. "ನನ್ನ ಬಾಯಿ ಸುಮ್ನ ಇರೋದಿಲ್ರಿ ಸಾಹೇಬ್ರ. ಅದಕ್ಕ ಕಟ್ಟಿ ಹಾಕಿದ್ದೆ. ಇದು ನನ್ನ ಸ್ವಂತ ಪದ್ಧತಿ."

"ಈ ಬಟ್ಟಿ ಜಿಲ್ಲಾದ ಎಲ್ಲಾ ಮಾಸ್ತರಿಗೂ ಬೇಕಾಗೇತಿ" ಎಂದರು ಇನ್‌ಸ್ಪೆಕ್ಟರು. ಬಂಡಿಯಿಂದ ಈ ವರ್ಷದ ಹೊಸ ಜರಿ ರುಮಾಲು ತರಿಸಿ, ಅದನ್ನು ತಮ್ಮ ಕೈಯಾರೆ ಕೊಟ್ರಬಸಪ್ಪನವರ ತಲೆಗೆ ಸುತ್ತಿದರು. ಆಮೇಲೆ ಹಿಂದಿರುಗಿ ಹೇಳಿದರು: "ಇಮಾಮಹುಸೇನರ, ನೀವೂ ಒಂದು ದಿನ ಉಳಕೊಂಡು ಇವರ ಸಾಲಿ ನೋಡಿಕೊಂಡು ಹೋಗ್ರಿ."

ಹುಸೇನನ ಗಂಟಲಲ್ಲಿ ಒಂದು ಮುಳ್ಳು ಸಿಕ್ಕಿಕೊಂಡದ್ದು ಕೊಟ್ರಬಸಪ್ಪನವರಿಗೆ ಸ್ಪಷ್ಟವಾಗಿ ಕಂಡಿತು. ಆ ಮುಳ್ಳು ಅವರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಅಂದು ರಾತ್ರಿ ಅವರು ಸುಖವಾಗಿ ನಿದ್ದೆ ಮಾಡಿದರು, ರುಮಾಲು ಬಿಚ್ಚದೆಯೇ.

ಮಳೆಗಾಲ ಕಳೆದ ಮೇಲೆ ಒಂದು ಸಂತೆಯ ದಿನ ದಾವಲಸಾಬ ಅಕ್ಕಿಯ ಬಂಡಿ ಬಿಟ್ಟು ಜಗುಲಿಗೆ ಬಂದ. ಈ ಸಲ ಐಗಳೇ ಕರೆದು ಕೂರಿಸಿ ಸಿರುಗುಪ್ಪದ ಸುದ್ದಿ ಕೇಳಿದರು.

"ಏನ ಹೇಳ್ಲಿ ಐಗಳ" ಎಂದ ದಾವಲಸಾಬ. "ನಮ್ಮ ಇಮಾಮಹುಸೇನ್ ಐಗಳಿಗೆ ಏನೋ ಆಗೇತಿ. ಹಲ್ಲು ಕಿತ್ತಿಸಿ ಎಷ್ಟ ದಿನ ಆತು, ಈಗ ಮತ್ತ ಗದ್ದಕ್ಕ ಬಟ್ಟಿ ಕಟಿಗೊಂಡು, ಕೊಳ್ಳಾಗ ಚೆಂಡು ಹೂವು ಹಾಕ್ಕೊಂಡು ಕಂಬಕ್ಕ ಒರಗಿ ಕುಂದ್ರತಾರ. ಹೆಂಡತಿ ಮಾಸುಮಾಬಿ ಬೈದು ಬೈದು ಸಾಕಾಗ್ಯಾಳ. ಊರಾಗ ಒಬ್ಬರೂ ತಿರುಗಿ ನೋಡವಲ್ರು, ಅಳೋ ಮಾತಂತೂ ದೂರ. ಅದಕ್ಕ ನಿಮ್ಮಲ್ಲೊಂದು ಮಾತು ಕೇಳಿಕೊಂಡು ಬಾ ಅಂದಾರ."

"ಏನಂತ?"

"ನಿಮ್ಮೂರ ಜೋಗಮ್ಮನ್ನ ಒಂದು ದಿನದ ಮಟ್ಟಿಗೆ ಕಳಿಸಿಕೊಡ್ತೀರೇನು ಅಂತ."

ಕೊಟ್ರಬಸಪ್ಪನವರು ಧಡಕ್ಕನೆ ಎದ್ದರು. ಜಾರಿದ ರುಮಾಲನ್ನು ತಲೆಗೆ ಬಿಗಿಯಾಗಿ ಒತ್ತಿಕೊಂಡರು. "ಆಗೋದಿಲ್ಲ ಅಂತ ಹೇಳು! ಜೋಗಮ್ಮ ನಮ್ಮ ಸಾಲಿಯಾಕಿ!" ಎಂದು ಊರು ನಡುಗುವಂತೆ ಗುಡುಗಿ, ದಾವಲಸಾಬ ಮೊದಲೇ ಮುಟ್ಟಿಯಾನು ಎಂಬ ಭಯದಿಂದ ಜೋಗಮ್ಮನ ಮನೆಯ ಕಡೆ ಓಡತೊಡಗಿದರು.